ನಂಬಿಕಸ್ಥ ಮೇಸ್ತ್ರಿ ಬೇಕು ಅನ್ನೋರಿಗೆ ಒಂದು ಪ್ರಶ್ನೆ

ಮನೆ ಸೋರೋದು ಸಣ್ಣ ವಿಷಯ. ಭೂಮಿ, ಮೀಸಲಾತಿ, ದೌರ್ಜನ್ಯ ಇಷ್ಟೆಲ್ಲ ಇರುವಾಗ ಇವನು ಸೂರು ರಿಪೇರಿ ಬಗ್ಗೆ ಯಾಕೆ ಬರೀತಾನೆ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹೋದ ಮಳೆಗಾಲದಲ್ಲಿ ನಮ್ಮ ಮನೆ ಸೋರಿತು. ಸೋರಿದ ನೀರು ಎರಡು ದಿನಕ್ಕೆ ಒಣಗಿತು. ಅದನ್ನು ನಿಲ್ಲಿಸೋಕೆ ಬಂದ ಮನುಷ್ಯನ ಮುಂದೆ ನಾನು ನಡೆದುಕೊಂಡ ರೀತಿ ಇನ್ನೂ ಒಣಗಿಲ್ಲ. ಅದಕ್ಕೆ ಬರೀತಿದೀನಿ.

ನಂದಿ ಬೆಟ್ಟದ ಬುಡದ ಕಡೆ ಸಾಲ ಮಾಡಿ ಒಂದು ಹಳೇ ಮನೆ ಕೊಂಡಿದೀನಿ. ನಮ್ಮ ಸೀಮೆಯ ಎಷ್ಟೋ ಹಳೇ ಮನೆಗಳಂತೆ ಇದೂ ಕಲ್ಲು ಚಪ್ಪಡಿ ಹೊದಿಸಿದ ಮನೆ. ಚಪ್ಪಡಿ ಸಂದಿನ ಗಾರೆ ಬಿರುಕು ಬಿಟ್ಟು ನೀರು ಇಳೀತಿತ್ತು. ಮಗಳ ಪುಸ್ತಕ ನೆನೆದವು. ಪಕ್ಕದ ಮನೆಯವರನ್ನ ಕೇಳಿದೆ, "ಯಾರಾದ್ರೂ ಒಳ್ಳೇ ಗಾರೆ ಕೆಲಸದೋರು ಇದಾರಾ ಸಾರ್?" "ಇದಾರೆ, ತುಂಬಾ ನಂಬಿಕಸ್ಥರು" ಅಂದರು. ನಂಬಿಕಸ್ಥರು ಅಂದ್ರೆ ಹೇಗೆ ಸಾರ್ ಅಂದೆ. ದನಿ ತಗ್ಗಿಸಿ ಹೇಳಿದರು: "ಅಡಿಗೆ ಮನೆ, ದೇವರ ಮನೆ ಎಲ್ಲಾ ಕಡೆ ಬಿಡಬಹುದು. ಅಂಥೋರಲ್ಲ."

ಅಂಥೋರಲ್ಲ! ಯಾರಂಥೋರಲ್ಲ? ನನ್ನಂಥೋರಲ್ಲ. ನನ್ನ ಜಾತಿ ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಇವನು ಓದಿದವನು, ಬೇರೆ ಥರದವನು ಅಂತ ರಿಯಾಯಿತಿ ಕೊಟ್ಟಿದ್ದರೋ ಕಾಣೆ. ಸಂದು ಮುಚ್ಚೋದು ಬರುತ್ತಾ, ಸಿಮೆಂಟು ಕದಿಯಲ್ವಾ, ಹೇಳಿದ ದಿನ ಬರ್ತಾರಾ, ಇದ್ಯಾವುದೂ ಅವರ ನಂಬಿಕೆಯ ಲೆಕ್ಕದಲ್ಲಿ ಇರಲಿಲ್ಲ. ಇದ್ದದ್ದು ಜಾತಿ ಒಂದೇ. ನಾನು ಏನೂ ಅನ್ನದೆ ನಕ್ಕು ಬಂದೆ. ಅದು ನನ್ನ ಮೊದಲನೇ ತಪ್ಪು.

ಆ ನಂಬಿಕಸ್ಥರು ಯಾವುದೋ ಲೇಔಟಿನ ಕೆಲಸದಲ್ಲಿದ್ದರು, ತಿಂಗಳು ಬಿಡುವಿಲ್ಲ ಅಂದರು. ಕೊನೆಗೆ ಬೆಳಿಗ್ಗೆ ಏಳು ಗಂಟೆಗೆ ಸರ್ಕಲ್ಲಿಗೆ ಹೋದೆ. ನೀವು ನೋಡಿರ್ತೀರಿ. ಚಿಕ್ಕಬಳ್ಳಾಪುರ ಆಗಲಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಆಗಲಿ, ಆ ಹೊತ್ತಿಗೆ ಬಾಂಡ್ಲಿ, ಕರಣೆ, ಊಟದ ಡಬ್ಬಿ ಹಿಡಿದು ನಿಂತ ಜನ. ಅಲ್ಲಿ ಒಬ್ಬ ಮುದುಕ. ಅರವತ್ತರ ಮೇಲೆ ವಯಸ್ಸು, ನಮ್ಮಪ್ಪನ ಓರಗೆ. "ಏನಪ್ಪಾ, ಚಪ್ಪಡಿ ಸಂದು ಮುಚ್ಚೋದು ಬರ್ತದಾ? ಎಷ್ಟು ತಗೋತೀಯ?" ಅಂದೆ. ಏಕವಚನ ತಾನಾಗೇ ಬಾಯಿಗೆ ಬಂತು. ಸಾವಿರ ಅಂದರು. ಎಂಟುನೂರಕ್ಕೆ ಇಳಿಸಿದೆ. ಇಳಿಸಿದ್ದಕ್ಕೆ ಮನಸ್ಸಿನಲ್ಲಿ ಹೆಮ್ಮೆ ಬೇರೆ.

ಹತ್ತು ಗಂಟೆಗೆ ಟೀ. ನನಗೆ ಸ್ಟೀಲ್ ಲೋಟ, ಅವರಿಗೆ ಪೇಪರ್ ಲೋಟ. ಅದನ್ನ ಅಂಗಡಿಯಿಂದ ತಂದಿಟ್ಟವನು ನಾನೇ. ಮುದುಕರು ಲೋಟ ತಿರುಗಿಸಿ ನೋಡಿ ಹೇಳಿದರು: "ಇದು ಬಂದ್ಮೇಲೆ ಒಳ್ಳೇದಾಯ್ತು ಸಾಮಿ. ಮೊದ್ಲು ನಾವೇ ತೊಳೆದು ಬೋರಲು ಹಾಕ್ಬೇಕಿತ್ತು." ಅವರ ಮಾತಿನಲ್ಲಿ ಕೋಪ ಇರಲಿಲ್ಲ. ಹವಾಮಾನದ ವಿಷಯ ಹೇಳಿದಂಗೆ ಹೇಳಿದರು.

ಹೋಟೆಲಿನಲ್ಲಿ ಎರಡು ಲೋಟ ಇಡೋದರ ವಿರುದ್ಧ ನಮ್ಮ ಹಿರಿಯರು ಊರೂರಲ್ಲಿ ಹೋರಾಡಿದರು. ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದವರ ಮಕ್ಕಳು ನಾವು. ಈಗ ಆ ಎರಡನೇ ಲೋಟ ಪೇಪರಿನದಾಗಿ, ಒಮ್ಮೆ ಕುಡಿದು ಬಿಸಾಕುವ ಸ್ವಚ್ಛತೆಯ ಹೆಸರಿನಲ್ಲಿ, ಮನೆ ಮನೆಗೆ ವಾಪಸ್ ಬಂದಿದೆ. ನಮ್ಮ ಮನೆಗೂ ಬಂದಿತ್ತು.

ಎರಡನೇ ದಿನ ಸಂಜೆ ಕೈ ಕಾಲು ತೊಳೀತಾ ಅವರು ಕೇಳಿದರು, "ನೀವು ಇಂಥೋರ ಮಗ ಅಲ್ವಾ?" ನಮ್ಮಪ್ಪನ ಹೆಸರು ಹೇಳಿದರು. ಅಪ್ಪ ಅವರ ಜೊತೆ ಹತ್ತು ವರ್ಷ ಕೈಯಾಳಾಗಿ ಕಲ್ಲು ಹೊತ್ತಿದ್ದರಂತೆ. ನನ್ನ ಹಾಸ್ಟೆಲಿಗೆ ಟ್ರಂಕು ತಂದುಕೊಟ್ಟ ದಿನ ಅಪ್ಪನ ಜೊತೆ ಬಂದಿದ್ದವರೂ ಅವರೇ. "ನಿನ್ನೇನೇ ಗೊತ್ತಾಯ್ತು. ಹೇಳಿದ್ರೆ ನಿಮಗೆ ಮುಜುಗರ ಆಗ್ತದೆ ಅಂತ ಸುಮ್ನಿದ್ದೆ" ಅಂದರು.

ಇಬ್ಬರಲ್ಲಿ ಯಾರು ನಂಬಿಕಸ್ಥರು ಹೇಳಿ. ನನ್ನ ಮರ್ಯಾದೆ ಕಾಪಾಡಿದ ಅವರೋ, ಅವರ ಇನ್ನೂರು ರೂಪಾಯಿ ಉಳಿಸಿಕೊಂಡ ನಾನೋ?

ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಇಷ್ಟೇ. ರಿಪೇರಿಗೆ ನಂಬಿಕಸ್ಥ ಆಳು ಸಿಗಲ್ಲ ಅಂತ ಎಲ್ಲರೂ ಗೊಣಗ್ತಾರೆ. ಕರೆಯೋ ಯಜಮಾನ ನಂಬಿಕಸ್ಥನಾ ಅಂತ ಯಾರೂ ಕೇಳಲ್ಲ. ಇವತ್ತು ಹಾಸ್ಟೆಲಿನಲ್ಲಿರುವ ನೀವು ನಾಳೆ ಮೇಷ್ಟ್ರು, ಗುಮಾಸ್ತರು, ಇಂಜಿನಿಯರು, ನರ್ಸು ಆಗ್ತೀರಿ. ಮನೆ ಮಾಡ್ತೀರಿ. ನಲ್ಲಿ ಕೆಡುತ್ತೆ, ಗೋಡೆ ಬಿರಿಯುತ್ತೆ, ವೈರು ಸುಡುತ್ತೆ. ಆಗ ನೀವು ಕರೆಯೋ ಮನುಷ್ಯ ಬಹುಪಾಲು ನಿಮ್ಮಪ್ಪನೋ ನಿಮ್ಮ ಚಿಕ್ಕಪ್ಪನೋ ಆಗಿರ್ತಾನೆ. ಅವತ್ತು ನೀವು ಬಾಗಿಲಿನ ಯಾವ ಕಡೆ ನಿಲ್ತೀರಿ? ಅದನ್ನ ಈಗಲೇ ತೀರ್ಮಾನ ಮಾಡಿಕೊಳ್ಳಬೇಕು.

ರಿಪೇರಿ ಮಾಡುವವರ ಚರಿತ್ರೆ ನಮ್ಮ ನೆಲದಲ್ಲಿ ಇವತ್ತಿನದಲ್ಲ. ಕೆರೆಗಳ ಸೀಮೆ ನಮ್ಮದು. ಆ ಕೆರೆಗಳ ತೂಬು ಎತ್ತೋದು, ಇಳಿಸೋದು, ಕಟ್ಟೆಯಲ್ಲಿ ಜಿನುಗು ಕಂಡರೆ ಮಣ್ಣು ತುಂಬಿ ಮುಚ್ಚೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅಳೆದು ಬಿಡೋದು ನೀರಗಂಟಿ ಕೆಲಸ. ಅವನು ಹೆಚ್ಚಿನ ಊರುಗಳಲ್ಲಿ ನಮ್ಮವನೇ. ಮಳೆ ಬಂದ ರಾತ್ರಿ ಊರೆಲ್ಲ ಮಲಗಿದ್ದರೆ ಅವನು ಗುದ್ದಲಿ ಹಿಡಿದು ಕಟ್ಟೆ ಮೇಲೆ. ಇಡೀ ಊರಿನ ಅನ್ನವನ್ನ ಅವನ ಕೈಗೆ ಒಪ್ಪಿಸಿದ್ದರು. ಅಷ್ಟು ನಂಬಿಕೆ! ಆದರೆ ಅದೇ ಕೈ ಊರ ಬಾವಿಗೆ ಇಳಿಯೋ ಹಂಗಿರಲಿಲ್ಲ. ಕೂಲಿ ಅಂತ ಕೊಟ್ಟದ್ದು ಸುಗ್ಗಿಯಲ್ಲಿ ಕಣದ ಮೂಲೆಯಿಂದ ಅಳೆದು ಹಾಕಿದ ಆಯ. 1961ರಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ಆಯಿತು, 1963ರಲ್ಲಿ ಜಾರಿಗೆ ಬಂತು. ತೋಟಿ, ತಳವಾರ, ನೀರಗಂಟಿ ಅನ್ನೋ ವಂಶದ ಹುದ್ದೆ ಹೋಯಿತು. "ಕೆಲಸಕ್ಕೆ ಬೇಕು, ಒಳಗೆ ಬೇಡ" ಅನ್ನೋ ರೂಢಿ ಹೋಯಿತಾ?

ನಂದಿಯ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಪ್ರತಿ ಸೆಪ್ಟೆಂಬರ್ 15ಕ್ಕೆ ದೇಶವೆಲ್ಲ ಇಂಜಿನಿಯರುಗಳ ದಿನ ಆಚರಿಸುತ್ತೆ. ಆಚರಿಸಲಿ. ಅದೇ ಬೆಟ್ಟದ ಸುತ್ತ ನೂರಾರು ವರ್ಷ ಕೆರೆಗಳನ್ನ ಒಡೆಯದಂತೆ ಕಾಯ್ದ ನೀರಗಂಟಿಗೆ ಯಾವ ದಿನ? ಭೋಗನಂದೀಶ್ವರನ ಗುಡಿಯ ಕಲ್ಲು ಹೊತ್ತವರಿಗೆ ಯಾವ ದಿನ? ಕೆಲಸ ಹಂಚುವ ನೆಪದಲ್ಲಿ ಜಾತಿ ದುಡಿಯುವ ಮನುಷ್ಯರನ್ನೇ ಮೇಲೆ ಕೆಳಗೆ ಹಂಚಿತು ಅನ್ನೋದನ್ನ ಬಾಬಾಸಾಹೇಬರು 1936ರಷ್ಟು ಹಿಂದೆಯೇ ತೋರಿಸಿದರು. ನಕ್ಷೆ ಬರೆಯೋನು ಸಾಹೇಬ, ಕರಣೆ ಹಿಡಿಯೋನು "ಏನಪ್ಪಾ" ಆದದ್ದು ಹೀಗೆ.

ಕಾಲ ಬದಲಾಗಿಲ್ಲ ಅಂತ ನಾನು ಹೇಳ್ತಿಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ನಂದಿ ಸುತ್ತ ರಾಗಿ ಹೊಲ, ದ್ರಾಕ್ಷಿ ತೋಟಗಳ ನಡುವೆ ಲೇಔಟುಗಳು ಎದ್ದವು. ಹೊಲದಲ್ಲಿ ಕೂಲಿ ಮಾಡುತ್ತಿದ್ದ ನಮ್ಮ ಹುಡುಗರು ಪ್ಲಂಬರು, ಪೇಂಟರು, ಎಲೆಕ್ಟ್ರಿಷಿಯನ್ ಆದರು. ಕೆಲವರು ಬೆಂಗಳೂರಿಗೆ ಹೋಗಿ ಮೊಬೈಲ್ ಆ್ಯಪಿನ ಕಂಪನಿಗಳ ಬನಿಯನ್ ಹಾಕಿಕೊಂಡು ಮನೆ ಮನೆಗೆ ರಿಪೇರಿಗೆ ಹೋಗ್ತಾರೆ. ಅಲ್ಲಿ ಕೆಲಸ ಮುಗಿದ ಮೇಲೆ ಯಜಮಾನ ನಕ್ಷತ್ರ ಕೊಡ್ತಾನೆ. ನಾಲ್ಕು ನಕ್ಷತ್ರ, ಮೂರು ನಕ್ಷತ್ರ. ನಕ್ಷತ್ರ ಕಡಿಮೆಯಾದರೆ ಹುಡುಗನ ಕೆಲಸಕ್ಕೇ ಕುತ್ತು. ಮನೆಯಲ್ಲಿ ಕುಡಿಯೋಕೆ ನೀರು ಕೊಡದ ಯಜಮಾನನ ನಡತೆಯನ್ನ ಹೀಗೆ ಊರಿಗೆಲ್ಲ ಕಾಣುವಂತೆ ಬರೆಯೋ ಜಾಗ ಎಲ್ಲಿದೆ? ಇಂಥ ದುಡಿಮೆಗಾರರಿಗಾಗಿ 2025ರಲ್ಲಿ ನಮ್ಮ ರಾಜ್ಯ ಒಂದು ಕಾಯಿದೆ ಮಾಡಿದೆ, ಸಾಮಾಜಿಕ ಭದ್ರತೆ ಮತ್ತು ಕ್ಷೇಮಾಭಿವೃದ್ಧಿ ಅಂತ. ಒಳ್ಳೇದು. ಆದರೆ ಬಾಗಿಲು ತೆಗೆಯೋ ಮನುಷ್ಯನ ಮನಸ್ಸಿಗೆ ಕಾಯಿದೆ ಇಲ್ಲ.

ಇನ್ನೊಂದು ಕಡೆಯ ಮಾತನ್ನೂ ಮುಚ್ಚಿಡದೆ ಹೇಳಬೇಕು. ನಮ್ಮ ಕೆಲಸಗಾರರಲ್ಲೂ ಕೈ ಕೊಡೋರು ಇದಾರೆ. ಅಡ್ವಾನ್ಸ್ ತಗೊಂಡು ನಾಳೆ ಬತ್ತೀನಿ ಅಂದವರು ಹದಿನೈದು ದಿನ ಫೋನ್ ಎತ್ತಲ್ಲ. ಮೂರು ಮನೆ ಕೆಲಸ ಒಟ್ಟಿಗೆ ಒಪ್ಪಿಕೊಂಡು ಮೂರನ್ನೂ ಅರ್ಧಕ್ಕೆ ನಿಲ್ಲಿಸ್ತಾರೆ. ಕುಡಿದು ಬರೋರೂ ಉಂಟು. ನಮ್ಮವರು ಅಂತ ಇದನ್ನ ಸಮರ್ಥನೆ ಮಾಡಬಾರದು. ಆದರೆ ಯಾಕೆ ಹೀಗೆ ಅಂತ ಕೇಳಬೇಕು. ಕೊನೇ ದಿನದ ಕೂಲಿಯನ್ನ "ನಾಳೆ ಬಾ" ಅಂತ ತಿಂಗಳುಗಟ್ಟಲೆ ಓಡಾಡಿಸಿದ ಯಜಮಾನರನ್ನ ನೋಡಿ ನೋಡಿ ಅವನು ಕಲಿತಿದಾನೆ: ಮೊದಲೇ ಸಿಕ್ಕಷ್ಟು ಎತ್ತಿಕೋ, ಮೂರು ಕಡೆ ಕಾಲಿಡು, ಒಂದಾದರೂ ಉಳಿಯುತ್ತೆ. ಮುಂಗಡ ಅನ್ನೋದು ನಮ್ಮ ಜನಕ್ಕೆ ಹಳೇ ಬೇನೆ. ಮದುವೆಗೆ, ಸಾವಿಗೆ ಅಂತ ತಗೊಂಡ ಮುಂಗಡವೇ ಜೀತದ ಹಗ್ಗ ಆಗಿತ್ತು. ಅದನ್ನ ಕಡಿಯೋಕೆ 1976ರಲ್ಲಿ ಕಾಯಿದೆ ಬರಬೇಕಾಯಿತು. ಆದ್ದರಿಂದ ನಂಬಿಕೆ ಕೆಟ್ಟದ್ದು ಒಂದು ಕಡೆಯಿಂದ ಅಲ್ಲ. ಕಟ್ಟೋದೂ ಎರಡು ಕಡೆಯಿಂದಲೇ ಆಗಬೇಕು.

ಬರೀ ಭಾಷಣ ಸಾಕು. ರಿಪೇರಿಗೆ ಆಳು ಕರೆಯುವಾಗ ಏನು ಮಾಡಬೇಕು? ನನಗೆ ಆ ಮುದುಕರು ಕಲಿಸಿದ್ದು, ಅಪ್ಪನಿಂದ ಕೇಳಿದ್ದು, ಪೆಟ್ಟು ತಿಂದು ತಿಳಿದದ್ದು ಹೇಳ್ತೀನಿ.

ಒಂದು. ಕರೆಯೋ ಮೊದಲು ರೋಗ ಯಾವುದು ಅಂತ ನೀವೇ ನೋಡಿ. ಮಳೆ ಬಂದಾಗ ಮಾತ್ರ ಗೋಡೆ ಒದ್ದೆಯಾದರೆ ನೀರು ಮೇಲಿನಿಂದ. ಬಿಸಿಲಿನಲ್ಲೂ ಒದ್ದೆಯಾಗಿದ್ದರೆ ಗೋಡೆಯೊಳಗಿನ ಪೈಪನ್ನ ಅನುಮಾನಿಸಿ. ತಾರಸಿಯ ನೀರು ಹೊರಗೆ ಹೋಗೋ ಕೊಳವೆಯ ಬಾಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡಿದ್ದರೆ ಮೊದಲು ಅದನ್ನ ತೆಗೀರಿ, ಅರ್ಧ ಸೋರಿಕೆ ಅಲ್ಲೇ ನಿಲ್ಲಬಹುದು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ನಲ್ಲಿಯಲ್ಲಿ ಬಿಳೀ ಉಪ್ಪು ಕಟ್ಟಿ ನೀರು ಸಣ್ಣಗೆ ಬರುತ್ತೆ. ತಿರುಗಿಸಿದರೂ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಕೆಲವೇ ರೂಪಾಯಿಯ ವಾಷರ್ ಸಾಕಾಗಬಹುದು. ರೋಗ ಗೊತ್ತಿದ್ದರೆ ಯಾರೂ ನಿಮ್ಮನ್ನ ಮೋಸ ಮಾಡೋಕೆ ಆಗಲ್ಲ, ನೀವೂ ಅವರ ಮೇಲೆ ಸುಮ್ನೆ ಅನುಮಾನ ಪಡಲ್ಲ.

ಎರಡು. ಕೆಲಸಗಾರನ ಜಾತಿ ಕೇಳಬೇಡಿ, ಅವನು ಮಾಡಿದ ಕೆಲಸ ನೋಡಿ. ನಿನ್ನೆ ಮಾಡಿದ್ದನ್ನಲ್ಲ, ಹೋದ ವರ್ಷ ಮಾಡಿದ್ದನ್ನ. ನಿನ್ನೆ ಬಳಿದ ಸಿಮೆಂಟು ಎಲ್ಲವೂ ಚೆನ್ನಾಗೇ ಕಾಣುತ್ತೆ. ಒಂದು ಮಳೆಗಾಲ ದಾಟಿದ ಚಾವಣಿ ಸುಳ್ಳು ಹೇಳಲ್ಲ. ಆ ಮನೆಯವರನ್ನ ಎರಡು ಪ್ರಶ್ನೆ ಕೇಳಿ: ಹೇಳಿದ ದಿನ ಬಂದರಾ? ಕೆಟ್ಟಾಗ ಕರೆದರೆ ಮತ್ತೆ ಬಂದರಾ?

ಮೂರು. ದಿನಗೂಲಿಯೋ ಗುತ್ತಿಗೆಯೋ ಮೊದಲೇ ತೀರ್ಮಾನ ಆಗಲಿ. ಅಳತೆಗೆ ಸಿಗೋ ಕೆಲಸ, ಅಂದರೆ ಸುಣ್ಣ ಬಣ್ಣ, ನೆಲಕ್ಕೆ ಟೈಲ್ಸು, ಇಂಥವಕ್ಕೆ ಗುತ್ತಿಗೆ ಸರಿ. ಒಡೆದು ನೋಡಿದ ಮೇಲೆ ಗೊತ್ತಾಗೋ ಕೆಲಸಕ್ಕೆ ಗುತ್ತಿಗೆ ಮಾತಾಡಿದರೆ ಇಬ್ಬರಲ್ಲಿ ಒಬ್ಬರಿಗೆ ನಷ್ಟ. ಅಲ್ಲಿ ದಿನಗೂಲಿ ಕೊಡಿ. ಸಾಮಾನು ನೀವೇ ತನ್ನಿ, ಬಿಲ್ಲು ಇಟ್ಟುಕೊಳ್ಳಿ. ಸಿಮೆಂಟು ಕದ್ದ ಅನ್ನೋ ಮಾತು ಹುಟ್ಟೋದಕ್ಕೇ ಜಾಗ ಇರಲ್ಲ. ಕೆಲಸ ಮುಗಿದ ಮೇಲೆ ಸಿಮೆಂಟಿಗೆ ಕನಿಷ್ಠ ಏಳು ದಿನ ನೀರು ಹಾಕೋದು ಯಜಮಾನನ ಜವಾಬ್ದಾರಿ. ನೀರು ಹಾಕದೆ ಒಣಗಿಸಿ, ಬಿರುಕು ಬಿಟ್ಟ ಮೇಲೆ ಮೇಸ್ತ್ರಿಯನ್ನ ಬೈಯೋರನ್ನ ನಾನು ನೋಡಿದೀನಿ.

ನಾಲ್ಕು. ಒಂದು ಚೀಟಿ ಬರೀರಿ. ನೀವು ಓದಿದವರು, ಬರೆಯೋಕೆ ಏನು ಕಷ್ಟ? ಏನು ಕೆಲಸ, ಎಷ್ಟು ದಿನ, ಎಷ್ಟು ದುಡ್ಡು, ಯಾವಾಗ ಯಾವಾಗ ಕೊಡೋದು, ಹೆಚ್ಚಿಗೆ ಕೆಲಸ ಹೇಳಿದರೆ ಹೆಚ್ಚಿಗೆ ಎಷ್ಟು, ಮಳೆ ಬಂದ ಮೇಲೆ ಒಮ್ಮೆ ಬಂದು ನೋಡೋದು. ಓದಿ ಹೇಳಿ. ಎರಡು ಪ್ರತಿ ಮಾಡಿ, ಒಂದು ಅವರ ಕೈಲಿರಲಿ. ನಮ್ಮ ಜನರ ಹೆಬ್ಬೆಟ್ಟು ಯಾವಾಗಲೂ ಯಜಮಾನನ ಪೆಟ್ಟಿಗೆಯಲ್ಲೇ ಇತ್ತು. ಇನ್ನು ಮೇಲೆ ಕಾಗದ ಎರಡೂ ಕಡೆ ಇರಲಿ.

ಐದು. ಕೂಲಿ ಇಳಿಸೋದನ್ನ ಜಾಣತನ ಅಂದುಕೋಬೇಡಿ. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಏನು ಹೇಳಿತು ಗೊತ್ತಾ? ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ಮಾಡಿಸುವ ದುಡಿಮೆ ಸಂವಿಧಾನದ 23ನೇ ವಿಧಿ ನಿಷೇಧ ಮಾಡಿರುವ ಬಲವಂತದ ದುಡಿಮೆ ಅಂತ. ಹಸಿವು ಕೂಡ ಒಂದು ಬಲವಂತವೇ. ಮುಂಜಾನೆ ಸರ್ಕಲ್ಲಿನಲ್ಲಿ ನಿಂತವನು ಕಡಿಮೆಗೆ ಒಪ್ಪಿಕೊಂಡ ಅಂದರೆ ಅದು ಒಪ್ಪಿಗೆ ಅಲ್ಲ, ಒಂಬತ್ತು ಗಂಟೆ ಆಗ್ತಿದೆ ಅನ್ನೋ ಭಯ. ಮೇಸ್ತ್ರಿ ಜೊತೆ ಬಾಂಡ್ಲಿ ಹೊತ್ತು ಏಣಿ ಹತ್ತೋ ಹೆಣ್ಣುಮಗಳನ್ನೂ ನೋಡಿ. ಅವಳ ಹೆಸರು ಯಾರೂ ಕೇಳಲ್ಲ. ಗಂಡು ಕೈಯಾಳಿನಷ್ಟೇ ಹೊತ್ತರೂ ಅವಳಿಗೆ ಕಡಿಮೆ. ಒಂದೇ ಕೆಲಸಕ್ಕೆ ಒಂದೇ ಕೂಲಿ ಅನ್ನೋ ಕಾಯಿದೆ 1976ರಲ್ಲೇ ಬಂತು. ದುಡ್ಡನ್ನ ಮೇಸ್ತ್ರಿ ಕೈಗೆ ಒಟ್ಟಿಗೆ ಕೊಡದೆ ಅವಳ ಕೂಲಿ ಅವಳ ಕೈಗೇ ಕೊಡಿ.

ಆರು. ಜೀವಕ್ಕೆ ಅಪಾಯ ಇರೋ ಕೆಲಸವನ್ನ ಕೈಲಾದವನಿಗೆಲ್ಲ ಹೇಳಬೇಡಿ. ಕರೆಂಟಿನ ಕೆಲಸಕ್ಕೆ ಅದನ್ನ ಕಲಿತವನೇ ಬೇಕು. ಮೈನ್ ಸ್ವಿಚ್ ಆಫ್ ಮಾಡಿ, ಮತ್ತೆ ಯಾರೂ ಹಾಕದಂತೆ ಅಲ್ಲೇ ಒಬ್ಬರು ನಿಲ್ಲಿ. ಇನ್ನು ಕಕ್ಕಸಿನ ಗುಂಡಿ. ಇಲ್ಲಿ ನನ್ನ ಮಾತು ಕಡ್ಡಿ ಮುರಿದ ಹಾಗೆ: ಯಾವ ಮನುಷ್ಯನನ್ನೂ ಗುಂಡಿಗೆ ಇಳಿಸಬೇಡಿ. ಒಳಗೆ ಉಸಿರಾಡೋ ಗಾಳಿ ಇರಲ್ಲ, ವಿಷದ ಗಾಳಿ ತುಂಬಿರುತ್ತೆ. ಮೊದಲು ಇಳಿದವನು ಬಿದ್ದರೆ ಎತ್ತೋಕೆ ಹೋದವನೂ ಸಾಯ್ತಾನೆ. ಮಲ ಹೊರುವ ಪದ್ಧತಿಯನ್ನ ನಮ್ಮ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ 1970ರ ದಶಕದಲ್ಲೇ ನಿಲ್ಲಿಸೋಕೆ ಹೊರಟರು. ದೇಶಕ್ಕೆಲ್ಲ ಹೊಸ ಕಾಯಿದೆ 2013ರಲ್ಲಿ ಆಯಿತು, ಬಾಬಾಸಾಹೇಬರು ತೀರಿಕೊಂಡ ಡಿಸೆಂಬರ್ 6ರಂದೇ ಜಾರಿಗೆ ಬಂತು. ರಕ್ಷಣೆ ಇಲ್ಲದೆ ಗುಂಡಿಗೆ ಇಳಿಸಿದವರಿಗೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಅಂತ ಅದು ಹೇಳಿತು. ಮನೆ ಯಜಮಾನನಿಗೂ ಅದು ಬಿಟ್ಟದ್ದಲ್ಲ. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಅದನ್ನ ಮೂವತ್ತು ಲಕ್ಷ ಮಾಡಿತು. ಸತ್ತ ಮೇಲಿನ ಲಕ್ಷ ಯಾರಿಗೆ ಬೇಕು? ಗುಂಡಿ ಹೀರುವ ಯಂತ್ರದ ಗಾಡಿಯನ್ನ ಕರೆಸಿ. ಅದರ ಬಾಡಿಗೆ ಹೆಚ್ಚು ಅನ್ನೋರಿಗೆ ಒಂದೇ ಮಾತು: ಮನುಷ್ಯನ ಬಾಡಿಗೆ ಅದಕ್ಕಿಂತ ಕಡಿಮೆ ಅಂತ ನಿಮಗೆ ಹೇಳಿಕೊಟ್ಟವರು ಯಾರು?

ಏಳು. ಇದಕ್ಕೆ ದುಡ್ಡು ಖರ್ಚಿಲ್ಲ. ಮನೆಯವರು ಕುಡಿಯೋ ಲೋಟದಲ್ಲೇ ನೀರು ಕೊಡಿ. ಹೆಸರು ಕೇಳಿ, ಹಿರಿಯರಾದರೆ ಬಹುವಚನ ಹಚ್ಚಿ. ಊಟದ ಹೊತ್ತಿಗೆ ನೆರಳು ಕೊಡಿ. ಮನೆಯ ಕಕ್ಕಸು ಬಳಸೋಕೆ ಬಿಡಿ. ಇದೊಂದು ವಿಚಿತ್ರ ನೋಡಿ: ಕಕ್ಕಸು ರಿಪೇರಿ ಮಾಡೋಕೆ ಬಂದವನು ಅದರೊಳಗೆ ದಿನವೆಲ್ಲ ಕೂತು ಕೆಲಸ ಮಾಡಬಹುದು, ಮೂತ್ರಕ್ಕೆ ಮಾತ್ರ ಬೇಲಿ ಹಿಂದೆ ಹೋಗಬೇಕು! ಜೊತೆಗೆ ಬಂದ ಹೆಣ್ಣುಮಗಳು ಸಂಜೆವರೆಗೂ ತಡೆದುಕೊಂಡಿರ್ತಾಳೆ.

ಈಗ ನಿಮ್ಮ ಹಾಸ್ಟೆಲಿನ ಮಾತಿಗೆ ಬರ್ತೀನಿ. ನಾನಿದ್ದ ಹಾಸ್ಟೆಲಿನಲ್ಲಿ ಒಂದು ನಲ್ಲಿ ಮೂರು ತಿಂಗಳು ಸೋರಿತು. ಅರ್ಜಿ ಹೋಯಿತು, ಜ್ಞಾಪನ ಬಂತು, ನೀರು ಹರೀತಾನೇ ಇತ್ತು. ಕೊನೆಗೆ ಅಡಿಗೆಯವರು ಅಂಗಡಿಯಿಂದ ವಾಷರ್ ತಂದು ಹತ್ತು ನಿಮಿಷದಲ್ಲಿ ಸರಿ ಮಾಡಿದರು. ನಮ್ಮಲ್ಲಿ ಎಷ್ಟೋ ಜನ ಗಾರೆ ಕೆಲಸದವರ ಮಕ್ಕಳು. ಒಬ್ಬರೂ ಕೈ ಹಾಕಲಿಲ್ಲ. ಯಾಕೆ? ಪೆನ್ನು ಹಿಡಿದ ಕೈಗೆ ಮತ್ತೆ ಸ್ಪ್ಯಾನರ್ ಹಿಡಿಯೋಕೆ ನಾಚಿಕೆ. ಅಪ್ಪ ಸರ್ಕಲ್ಲಿನಲ್ಲಿ ನಿಲ್ಲೋದನ್ನ ಗೆಳೆಯರು ನೋಡ್ತಾರೆ ಅಂತ ಬೇರೆ ದಾರಿಯಲ್ಲಿ ಹೋಗ್ತಿದ್ದವರಲ್ಲಿ ನಾನೂ ಒಬ್ಬ.

ಆದರೆ ಆ ನಾಚಿಕೆಗೂ ಕಾರಣ ಇದೆ. ನಮ್ಮನ್ನ ಕಂಡರೆ ಸಾಕು, ಗುಡಿಸು, ಬಳಿ, ಎತ್ತು ಅಂತ ಹೇಳೋ ಜನ ಇನ್ನೂ ಇದಾರೆ. 2023ರ ಡಿಸೆಂಬರಿನಲ್ಲಿ ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಕಕ್ಕಸಿನ ಗುಂಡಿಗೆ ಇಳಿಸಿದ್ದು ಹೊರಗೆ ಬಂತು. ಪ್ರಾಂಶುಪಾಲರ ಮೇಲೂ ಕ್ರಮ ಆಯಿತು. ಓದೋಕೆ ಅಂತ ಕಳಿಸಿದ ಮಕ್ಕಳು! ಹಾಗಾಗಿ ಗೆರೆ ಸರಿಯಾಗಿ ಎಳೆಯೋಣ. ನಾವೇ ಇಷ್ಟಪಟ್ಟು ಒಂದು ಕಸುಬು ಕಲಿಯೋದು ಬೇರೆ. ಈ ಕೆಲಸಕ್ಕೇ ಹುಟ್ಟಿದೀಯ ಅಂತ ನಮ್ಮ ತಲೆ ಮೇಲೆ ಹೊರಿಸೋದು ಬೇರೆ. ಮೊದಲನೆಯದು ವಿದ್ಯೆ. ಎರಡನೆಯದು ಅಸ್ಪೃಶ್ಯತೆ. ವಾರ್ಡನ್ನು "ಕಕ್ಕಸು ತೊಳಿ" ಅಂದರೆ ಒಟ್ಟಿಗೆ ನಿಂತು ಆಗಲ್ಲ ಅನ್ನಿ. ಭಾನುವಾರ ಊರಿಗೆ ಹೋದಾಗ ಅಪ್ಪನ ಪಕ್ಕ ಕೂತು ತೂಕದ ಗುಂಡು ಹೇಗೆ ಬಿಡ್ತೀಯ, ರಸಮಟ್ಟ ಹೇಗೆ ನೋಡ್ತೀಯ ಅಂತ ಕೇಳಿ. ಅದೂ ಇಂಜಿನಿಯರಿಂಗೇ. ಅದಕ್ಕೆ ಸರ್ಟಿಫಿಕೇಟ್ ಕೊಟ್ಟಿಲ್ಲ ಅಷ್ಟೇ.

ಓದಿದವರು ಇನ್ನೂ ಎರಡು ಕೆಲಸ ಮಾಡಬಹುದು. ಮೊದಲನೆಯದು ಲೇಬರ್ ಕಾರ್ಡು. 1996ರ ಕೇಂದ್ರ ಕಾಯಿದೆಯಿಂದ ಹುಟ್ಟಿದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನಮ್ಮ ರಾಜ್ಯದಲ್ಲಿದೆ. ಹದಿನೆಂಟರಿಂದ ಅರವತ್ತು ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ಬರೆಸಬಹುದು. ಗಾರೆಯವರು, ಬಡಗಿ, ಪ್ಲಂಬರು, ಪೇಂಟರು, ವೈರಿಂಗಿನವರು ಎಲ್ಲರೂ ಬರ್ತಾರೆ. ಅಪಘಾತಕ್ಕೆ, ಹೆರಿಗೆಗೆ, ಪಿಂಚಣಿಗೆ, ಮಕ್ಕಳ ಓದಿಗೆ ಸಹಾಯದ ಯೋಜನೆಗಳಿವೆ. ಆದರೆ ಕರಣೆ ಮುಟ್ಟದವರು ಕಾರ್ಡು ಮಾಡಿಸಿಕೊಂಡಿರೋದನ್ನೂ, ನಲವತ್ತು ವರ್ಷ ಗೋಡೆ ಕಟ್ಟಿದವರು ಕಾರ್ಡಿಲ್ಲದೆ ಅರವತ್ತು ದಾಟಿರೋದನ್ನೂ ನಾನೇ ನೋಡಿದೀನಿ. ನಮ್ಮ ಮನೆಗೆ ಬಂದ ಮುದುಕರ ಹತ್ತಿರವೂ ಕಾರ್ಡಿರಲಿಲ್ಲ. ಕಲ್ಲಿನ ಕೆಲಸ ಎಂಥದ್ದು ಅಂತ ಗೊತ್ತಲ್ಲ. 2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತರು. ನಮ್ಮ ತಲೆ ಮೇಲಿನ ಚಪ್ಪಡಿಗೆ, ಕಾಲ ಕೆಳಗಿನ ಜಲ್ಲಿಗೆ ಈ ಬೆಲೆಯೂ ಸೇರಿದೆ. ರಜೆಯಲ್ಲಿ ನಿಮ್ಮ ಕೇರಿಯಲ್ಲಿ ಒಂದು ದಿನ ಕೂತು ಹತ್ತು ಜನರ ಅರ್ಜಿ ತುಂಬಿಕೊಡಿ.

ಎರಡನೆಯದು ಒಂದು ನೋಟ್‌ಬುಕ್ಕು. ತಾಲ್ಲೂಕಿಗೊಂದು. ಅದರ ಮೊದಲ ಭಾಗದಲ್ಲಿ, ಅವರನ್ನೇ ಕೇಳಿ ಒಪ್ಪಿಗೆ ಪಡೆದು, ಕೆಲಸಗಾರರ ಹೆಸರು, ಊರು, ಬರುವ ಕೆಲಸ, ಫೋನು ಬರೀರಿ. ಜಾತಿಗೆ ಅಂಕಣ ಬೇಡ. ಯಾವ ಜಾತಿಯ ಬಡ ಕೆಲಸಗಾರ ಬಂದರೂ ಬರಕೊಳ್ಳಿ. ರಾಯಚೂರಿನವರು, ಬಿಹಾರದವರು ಅಂತ ದೂರ ತಳ್ಳಬೇಡಿ, ಅವರೂ ಬೇರೆ ಯಾವುದೋ ನಂದಿಯಿಂದ ಹಸಿದು ಬಂದವರು. ಎರಡನೇ ಭಾಗದಲ್ಲಿ ಕರೆಯೋರ ವಿಷಯ: ಹೇಳಿದ ದಿನ ಕೂಲಿ ಕೊಟ್ಟರಾ, ಒಳಗೆ ಬಿಟ್ಟರಾ, ಯಾವ ಲೋಟದಲ್ಲಿ ನೀರು ಕೊಟ್ಟರು. ಕೆಲಸಕ್ಕೆ ಹೋಗೋನು ಅದನ್ನ ಓದಿಕೊಂಡು ಹೋಗಲಿ. ನಂಬಿಕಸ್ಥ ಅನ್ನೋ ಪದವನ್ನ ಇಷ್ಟು ಕಾಲ ಒಂದು ಕಡೆಯವರೇ ಅಳೆದರು. ಇನ್ನು ನಾವೂ ಅಳೆಯೋಣ. ಆ ಎರಡನೇ ಭಾಗದ ಮೊದಲ ಸಾಲಿನಲ್ಲಿ ನನ್ನ ಹೆಸರು ಬರೀರಿ: "ಮೊದಲ ದಿನ ಇನ್ನೂರು ರೂಪಾಯಿ ಕಡಿಮೆ ಮಾಡಿದ, ಪೇಪರ್ ಲೋಟ ಕೊಟ್ಟ" ಅಂತ.

ಆ ಇನ್ನೂರನ್ನ ಆಮೇಲೆ ಕೊಟ್ಟೆ, ಎರಡೂ ದಿನದ್ದು. ತಗೊಂಡರು. "ಇದು ಮೊದಲೇ ಕೊಟ್ಟಿದ್ರೆ ಲೆಕ್ಕ, ಈಗ ಕೊಟ್ರೆ ಉಪಕಾರ ಅನ್ಸುತ್ತೆ ನಿಮಗೆ" ಅಂದರು. ಉತ್ತರ ಹೊಳೆಯಲಿಲ್ಲ. ಸ್ಟೀಲ್ ಲೋಟದಲ್ಲಿ ಟೀ ಕೊಟ್ಟೆವು, ಅದಕ್ಕೂ ಏನೂ ಅನ್ನಲಿಲ್ಲ. ಒಂದು ಲೋಟಕ್ಕೆ ಚರಿತ್ರೆ ತೊಳೆದು ಹೋಗಲ್ಲ ಅಂತ ಅವರಿಗೆ ಗೊತ್ತು. ಮುಂದಿನ ಜೋರು ಮಳೆಗೆ ಮೂಲೆಯ ಒಂದು ಸಂದು ಮತ್ತೆ ಸೋರಿತು. ಫೋನ್ ಮಾಡಿದೆ. ಮಾರನೇ ದಿನ ಬಂದು ಸರಿ ಮಾಡಿದರು, ಕೂಲಿ ಮುಟ್ಟಲಿಲ್ಲ. "ಬತ್ತೀನಿ ಅಂತ ಮಾತು ಕೊಟ್ಟಿದ್ನಲ್ಲಾ" ಅಂದರು.

ಗೆಳೆಯರೇ, ಮುಂದಿನ ಸಭೆಗೆ ಬರುವಾಗ ಬರೀ ಕೈಲಿ ಬರಬೇಡಿ. ನಿಮ್ಮೂರಿನ ಮೂವರು ಕೆಲಸಗಾರರ ಹೆಸರು ಬರಕೊಂಡು ಬನ್ನಿ. ನಾಚಿಕೆ ಬಿಟ್ಟು, ಮೊದಲ ಹೆಸರು ನಿಮ್ಮ ಅಪ್ಪನದೋ ಅವ್ವನದೋ ಬರೀರಿ.

ಜೈ ಭೀಮ್.